ಮನೆ ತೋರಿಸುವ ಮೊದಲು ದುಡ್ಡು ಕೇಳಬೇಡಿ

ನಿನ್ನೆ ರಾತ್ರಿ ನಮ್ಮ ಏರಿಯಾದ ವಾಟ್ಸಾಪ್ ಗ್ರೂಪ್ ಓದಿ ನಿಜಕ್ಕೂ ತಲೆ ಕೆಟ್ಟಿತು. ನಮ್ಮ ಬೀದಿಯವರೊಬ್ಬರ ತಂಗಿ ಮಗಳು ದಾವಣಗೆರೆಯಿಂದ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ದಾಳೆ. ಬರುವ ಮೊದಲೇ ಆನ್‌ಲೈನಿನಲ್ಲಿ ಬಿಟಿಎಂ ಲೇಔಟ್‌ನ ಒಂದು ಮನೆ ನೋಡಿ, ಗೇಟ್ ಪಾಸ್ ಅಂತ ಶುರುವಾಗಿ ಸುಮಾರು 40,000 ರೂಪಾಯಿ ಕಳೆದುಕೊಂಡಿದ್ದಾಳೆ. ಬೇರೆ ಮಕ್ಕಳಾದರೂ ಹುಷಾರಾಗಿರಲಿ ಅಂತ ಅವಳ ದೊಡ್ಡಮ್ಮ ಗ್ರೂಪಿನಲ್ಲಿ ಬರೆದರು. ಬಂದ ಉತ್ತರಗಳನ್ನು ನೋಡಬೇಕಿತ್ತು. "ಇಂಜಿನಿಯರಿಂಗ್ ಓದಿದವಳಿಗೆ ಇಷ್ಟೂ ಗೊತ್ತಾಗಲ್ವಾ?" "ನೋಡದೇ ದುಡ್ಡು ಕಳಿಸೋರು ಯಾರ್ರೀ?" ಒಬ್ಬರಂತೂ ಒಂದೇ ಪದ ಹಾಕಿ ಸುಮ್ಮನಾದರು. "ದುರಾಸೆ."

ಯಾವ ದುರಾಸೆ? ಮೊದಲ ಕೆಲಸ, ಮೊದಲ ಸಂಬಳ, ಆಫೀಸಿಗೆ ಹತ್ತಿರ ಒಂದು ಸೂರು ಬೇಕು ಅನ್ನುವುದು ದುರಾಸೆಯಾ?

ನಮ್ಮದೂ ಮೇಲೊಂದು ಮನೆ ಬಾಡಿಗೆಗಿದೆ, ನಿಮಗೆ ಗೊತ್ತೇ ಇದೆ. ಅದಕ್ಕೂ ಮೊದಲು ಎಷ್ಟೋ ವರ್ಷ ನಾವೇ ಬಾಡಿಗೆದಾರರಾಗಿ ಮನೆ ಮನೆ ಸುತ್ತಿದವರು. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತಿಟ್ಟುಕೊಂಡೇ ಹೇಳುತ್ತಿದ್ದೇನೆ. ಈ ಮೋಸಗಾರರು ಹೊಸದಾಗಿ ಏನನ್ನೂ ಕಂಡುಹಿಡಿದಿಲ್ಲ. ನಾವು ಮನೆ ಮಾಲೀಕರು, ನಮ್ಮ ಬ್ರೋಕರ್‌ಗಳು ದಿನಾ ಹೇಗೆ ನಡೆದುಕೊಳ್ಳುತ್ತೇವೋ ಹಾಗೆಯೇ ಅವರೂ ನಡೆದುಕೊಳ್ಳುತ್ತಾರೆ, ಅಷ್ಟೇ.

ಆ ಹುಡುಗಿಗೆ ಏನಾಯಿತು ಕೇಳಿ. ಬಾಡಿಗೆ 14,000, ಡೆಪಾಸಿಟ್ 30,000, ಚೆಂದದ ಫೋಟೋಗಳು. ಫೋನ್ ಮಾಡಿದರೆ ಆ ಕಡೆಯವನು ಹಿಂದಿಯಲ್ಲಿ ತುಂಬಾ ಮರ್ಯಾದೆಯಿಂದ ಮಾತಾಡಿದ್ದಾನೆ. ತಾನು ಸಿಐಎಸ್‌ಎಫ್ (ಏರ್‌ಪೋರ್ಟ್ ಕಾಯುವ ಕೇಂದ್ರ ಭದ್ರತಾ ಪಡೆ) ಅಧಿಕಾರಿ, ಬೇರೆ ರಾಜ್ಯದ ಏರ್‌ಪೋರ್ಟಿಗೆ ವರ್ಗ ಆಗಿದೆ, ಮನೆ ಖಾಲಿ ಬಿದ್ದಿದೆ ಅಂದಿದ್ದಾನೆ. ಕೇಳದೇ ಆಧಾರ್ ಕಾರ್ಡ್, ಐಡಿ ಕಾರ್ಡ್, ಸಮವಸ್ತ್ರದ ಫೋಟೋ ಕಳಿಸಿದ್ದಾನೆ. ಮನೆ ನೋಡಬೇಕಾದರೆ ಸೊಸೈಟಿಯ ಗೇಟ್ ಪಾಸ್ ಬೇಕು, ಅದಕ್ಕೆ ಒಂದಿಷ್ಟು ದುಡ್ಡು ಕಟ್ಟಿ, ಮನೆ ಇಷ್ಟವಾಗದಿದ್ದರೆ ಪೂರ್ತಿ ವಾಪಸ್ ಅಂದಿದ್ದಾನೆ. ಕಟ್ಟಿದಳು. ಆಮೇಲೆ ಸಿಸ್ಟಮ್‌ನಲ್ಲಿ ಹೆಸರು ಬರುತ್ತಿಲ್ಲ, ಒಂದು ತಿಂಗಳ ಬಾಡಿಗೆ ಹಾಕಿ. ಆಮೇಲೆ ಅಗ್ರಿಮೆಂಟ್ ಚಾರ್ಜ್. ಆಮೇಲೆ ರೀಫಂಡ್ ಆಗಬೇಕಾದರೆ ಅಷ್ಟೇ ಮೊತ್ತ ಇನ್ನೊಂದು ಸಲ ಹಾಕಿ, ಎರಡೂ ಒಟ್ಟಿಗೆ ವಾಪಸ್ ಬರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಮೊದಲ ಸಲ ದುಡ್ಡು ಹೋಗಿದ್ದು ಮನೆಗಾಗಿ. ಅಲ್ಲಿಂದ ಮುಂದೆ ಹೋಗಿದ್ದೆಲ್ಲ ಹೋದ ದುಡ್ಡನ್ನು ವಾಪಸ್ ಪಡೆಯುವುದಕ್ಕಾಗಿ. ಇದು ದುರಾಸೆ ಅಲ್ಲ, ಹೆದರಿಕೆ. ಅಪ್ಪನಿಗೆ ಏನು ಹೇಳಲಿ ಅನ್ನುವ ಹೆದರಿಕೆ.

ಈಗ ಹೇಳಿ, ಈ ಕಥೆಯಲ್ಲಿ ಅವಳಿಗೆ ವಿಚಿತ್ರ ಅನಿಸಬೇಕಿದ್ದುದು ಯಾವುದು? ಮನೆ ತೋರಿಸುವ ಮೊದಲೇ ದುಡ್ಡು ಕೇಳಿದ್ದಾ? ವಿಸಿಟಿಂಗ್ ಚಾರ್ಜ್ ಅಂತ ಬ್ರೋಕರ್‌ಗಳು ಕೇಳುವುದು ಇಲ್ಲಿ ಮಾಮೂಲಾಗಿದೆ. ಅವಸರ ಮಾಡಿದ್ದಾ? "ಸಂಜೆಯೊಳಗೆ ಟೋಕನ್ ಅಡ್ವಾನ್ಸ್ ಹಾಕಿ, ಇನ್ನಿಬ್ಬರು ಲೈನಿನಲ್ಲಿದ್ದಾರೆ" ಅಂತ ನಿಜವಾದ ಮಾಲೀಕರೇ ಹೇಳುತ್ತಾರೆ. ರಸೀದಿ ಕೊಡದಿದ್ದುದಾ? ನಮ್ಮಲ್ಲಿ ಟೋಕನ್‌ಗೆ ರಸೀದಿ ಕೊಡುವವರು ಎಷ್ಟು ಜನ ಇದ್ದೀರಿ, ಎದೆ ಮುಟ್ಟಿಕೊಂಡು ಹೇಳಿ. ದುಡ್ಡು ಬೇರೆ ಯಾರದೋ ಹೆಸರಿನ ಅಕೌಂಟಿಗೆ ಹೋಗಿದ್ದಾ? ಮಗನ ಅಕೌಂಟಿಗೆ ಹಾಕಿ, ಅಳಿಯನ ನಂಬರಿಗೆ ಹಾಕಿ ಅಂತ ನಾವೂ ಹೇಳುತ್ತೇವಲ್ಲ. ಮಾಲೀಕ ಊರಲ್ಲಿ ಇಲ್ಲದ್ದಾ? ಈ ಊರಿನ ಎಷ್ಟೋ ಫ್ಲ್ಯಾಟ್‌ಗಳ ಮಾಲೀಕರು ಇರುವುದೇ ವಿದೇಶದಲ್ಲಿ. ಸರಿಯಾದ ವ್ಯವಹಾರ ಹೀಗೆ ನಡೆಯುವಾಗ ಮೋಸವನ್ನು ಬೇರೆ ಮಾಡಿ ಗುರುತಿಸು ಅಂತ ಇಪ್ಪತ್ತೆರಡರ ಹುಡುಗಿಗೆ ಹೇಳುವುದು ಯಾವ ನ್ಯಾಯ?

ಡೆಪಾಸಿಟ್ ವಿಷಯವನ್ನೂ ಹೇಳಲೇಬೇಕು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಬೇಡ ಅನ್ನುತ್ತದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿಯೇ ಇತ್ತು, ಈಗಲೂ ಐದಾರು ತಿಂಗಳದ್ದು ಕೇಳುವವರು ಬೇಕಾದಷ್ಟು ಜನ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಹಿಡಿದುಕೊಳ್ಳುವುದು ಬೇರೆ. ಇಂಥ ಊರಲ್ಲಿ ಒಬ್ಬ "ಎರಡು ತಿಂಗಳದ್ದು ಸಾಕು" ಅಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಗಾಳಕ್ಕೆ ಹುಳು ಸಿಕ್ಕಿಸಿಕೊಟ್ಟವರು ನಾವೇ.

ಇನ್ನೊಂದು ಮಾತು, ಬೇಜಾರಾದರೂ ಸರಿ. "ಬ್ಯಾಚುಲರ್ಸ್‌ಗೆ ಕೊಡಲ್ಲ." "ವೆಜ್ ಮಾತ್ರ." "ನೀವು ಯಾವ ಜನ?" ಹೆಸರು ಕೇಳಿದ ಕೂಡಲೇ "ಮನೆ ಆಗಲೇ ಕೊಟ್ಟುಬಿಟ್ವಿ." ವಾರಗಟ್ಟಲೆ ಇದನ್ನೇ ಕೇಳಿಸಿಕೊಂಡವರಿಗೆ, ಏನೂ ಕೇಳದೆ "ಬನ್ನಿಮ್ಮಾ, ಮನೆ ನಿಮ್ಮದೇ" ಅನ್ನುವ ದನಿ ಎಷ್ಟು ಹಿತವಾಗಿ ಕೇಳಿಸುತ್ತದೆ ಗೊತ್ತಾ? ಮೋಸಗಾರ ಜಾತಿ ಕೇಳುವುದಿಲ್ಲ, ಊಟ ಕೇಳುವುದಿಲ್ಲ. ನಾವು ಬಾಗಿಲು ಹಾಕಿದ ಜನರೇ ಮೊದಲು ಅವನ ಕೈಗೆ ಸಿಗುತ್ತಾರೆ.

ಗ್ರೂಪಿನಲ್ಲಿ ಒಬ್ಬ ಹಿರಿಯರು ಮಾಲೀಕರ ಪರ ವಾದ ಮಾಡಿದರು. ಬಂದವರಿಗೆಲ್ಲ ಮನೆ ತೋರಿಸಿ ತೋರಿಸಿ ಸಾಕಾಗುತ್ತದೆ, ಬರ್ತೀನಿ ಅಂದವರು ಬರುವುದಿಲ್ಲ, ಟೋಕನ್ ಇಲ್ಲದಿದ್ದರೆ ಮನೆ ಖಾಲಿ ಬಿದ್ದಿರುತ್ತದೆ ಅಂತ. ಆ ತೊಂದರೆ ನನಗೂ ಗೊತ್ತು ಸಾರ್. ಆದರೆ ಟೋಕನ್ ಬೇಡ ಅಂತ ಯಾರು ಹೇಳಿದರು? ಮನೆ ನೋಡಿದ ಮೇಲೆ ತೆಗೆದುಕೊಳ್ಳಿ, ನಿಮ್ಮ ಹೆಸರಿನ ಅಕೌಂಟಿಗೆ ಹಾಕಿಸಿಕೊಳ್ಳಿ, ಒಂದು ಸಾಲು ಬರೆದುಕೊಡಿ. ಅರ್ಧ ಗಂಟೆ ಬೀಗ ತೆಗೆದು ನಿಲ್ಲುವ ಬೇಸರವನ್ನೂ ಒಂದು ಹುಡುಗಿ ಕಳೆದುಕೊಂಡ 40,000 ರೂಪಾಯಿಯನ್ನೂ ಸಮ ಮಾಡಿ ತೂಗಬೇಡಿ.

ಮನೆ ಹುಡುಕುತ್ತಿರುವ ಮಕ್ಕಳಿಗೆ ಹೇಳುವುದೇನೆಂದರೆ, ಬಾಡಿಗೆ ಕಡಿಮೆ ಇದೆ ಅನ್ನುವುದಕ್ಕಿಂತ ದುಡ್ಡು ಯಾವಾಗ ಕೇಳಿದರು ಅನ್ನುವುದನ್ನು ನೋಡಿ. ಬೀಗ ತೆಗೆಯುವ ಮೊದಲು ಕೇಳಿದರೆ ಒಂದು ರೂಪಾಯಿಯೂ ಬೇಡ, ಅವರು ಯಾರೇ ಆಗಿರಲಿ. ನೀವಿನ್ನೂ ನಿಮ್ಮ ಊರಲ್ಲೇ ಇದ್ದರೆ ಬೆಂಗಳೂರಿನಲ್ಲಿರುವ ಗೆಳೆಯರನ್ನು ಕಳಿಸಿ. ಅವರು ಪಕ್ಕದ ಅಂಗಡಿಯಲ್ಲೋ ಕೆಳಗಿನ ಮನೆಯಲ್ಲೋ ಒಂದು ಮಾತು ಕೇಳಿದರೆ ಸಾಕು, ಅರ್ಧ ಸತ್ಯ ಹೊರಗೆ ಬರುತ್ತದೆ. ಯಾರೂ ಇಲ್ಲದಿದ್ದರೆ ಮೊದಲ ತಿಂಗಳು ಪಿಜಿಯಲ್ಲಿದ್ದು ಆಮೇಲೆ ಹುಡುಕಿ. ವಿಡಿಯೋ ಕಾಲ್ ಮಾಡಿ ಗೇಟಿನಿಂದ ಒಳಗೆ ನಡೆದುಕೊಂಡು ಹೋಗಿ ಅನ್ನಿ. ಮೊದಲೇ ಮಾಡಿಟ್ಟ ವಿಡಿಯೋ ಕಳಿಸಿದರೆ ಅದು ಲೆಕ್ಕಕ್ಕಿಲ್ಲ. ಫೋಟೋಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಅದೇ ಹಾಲ್, ಅದೇ ಸೋಫಾ ಪುಣೆಯ ಜಾಹೀರಾತಿನಲ್ಲೂ ಕಾಣಿಸಬಹುದು. ಬೆಸ್ಕಾಂ ಕರೆಂಟ್ ಬಿಲ್ ಕೇಳಿ, ಆಸ್ತಿ ತೆರಿಗೆ ರಸೀದಿ ಕೇಳಿ. ಯುಪಿಐಯಲ್ಲಿ ದುಡ್ಡು ಹಾಕುವ ಮೊದಲು ಪರದೆಯ ಮೇಲೆ ಬರುವ ಹೆಸರನ್ನು ಅವುಗಳಲ್ಲಿರುವ ಹೆಸರಿಗೆ ಹೋಲಿಸಿ. ಆಧಾರ್ ಫೋಟೋ ನೋಡಿ ಮಾತ್ರ ನಂಬಬೇಡಿ. ಅದು ಇದಕ್ಕೂ ಮೊದಲು ಮೋಸ ಹೋದ ಯಾರದೋ ಆಧಾರ್ ಆಗಿರಬಹುದು. ನೀವು ಕಳಿಸಿದ್ದನ್ನೂ ನಾಳೆ ಇನ್ನೊಬ್ಬರಿಗೆ ತೋರಿಸಬಹುದು.

ಭೋಗ್ಯಕ್ಕೆ, ಅಂದರೆ ತಿಂಗಳ ಬಾಡಿಗೆಯ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಖಾಲಿ ಮಾಡುವಾಗ ವಾಪಸ್ ಪಡೆಯುವ ಲೀಸ್‌ಗೆ, ಹೋಗುವವರು ಇನ್ನೂ ಹುಷಾರು. ಅಲ್ಲಿ ಹೋಗುವುದು ಲಕ್ಷಗಳ ಲೆಕ್ಕದಲ್ಲಿ. ಮಧ್ಯದವನು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ನಿಮಗೆ ಭೋಗ್ಯಕ್ಕೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ಕಾಣೆಯಾಗುತ್ತಾನೆ. ಮಾಲೀಕರು ಬಂದು ಬಾಗಿಲು ತಟ್ಟಿದಾಗಲೇ ನಿಮಗೆ ವಿಷಯ ಗೊತ್ತಾಗುವುದು. ಮಾಲೀಕರ ಜೊತೆ ನೇರವಾಗಿ ಕೂತು ಮಾತಾಡದೆ, ಇಸಿ (ಆಸ್ತಿಯ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ) ತೆಗೆಸಿ ನೋಡದೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸದೆ ಭೋಗ್ಯದ ದುಡ್ಡು ಕೊಡಲೇಬೇಡಿ.

ಮಾಲೀಕರೂ ಇದರಿಂದ ತಪ್ಪಿಸಿಕೊಂಡಿಲ್ಲ. "ನಾನು ಸೈನ್ಯದಲ್ಲಿದ್ದೇನೆ, ನಿಮ್ಮ ಮನೆ ಬೇಕು, ಅಡ್ವಾನ್ಸ್ ಈಗಲೇ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತ ಫೋನ್ ಬರುತ್ತದೆ. ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಹಾಗೇ ಕಳೆದುಕೊಂಡರು. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡುವುದಕ್ಕೆ, ಪಡೆಯುವುದಕ್ಕೆ ಅಲ್ಲ. ಮನೆಯ ಹಿರಿಯರಿಗೆ ಇದನ್ನು ಮತ್ತೆ ಮತ್ತೆ ಹೇಳಿ.

ದುಡ್ಡು ಹೋಗಿಯೇಬಿಟ್ಟಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಬೇರೆಯವರ ಹೆಸರು ಹೇಳಿಕೊಂಡು ಆನ್‌ಲೈನ್‌ನಲ್ಲಿ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ. ಆದರೆ ದುಡ್ಡು ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಬೇಗ ಬೇಗ ಜಾರುತ್ತದೆ. ಬೇಗ ಹೇಳಿದರೆ ಬ್ಯಾಂಕಿನವರು ಮಧ್ಯದಲ್ಲಿ ತಡೆಹಿಡಿಯುವ ಅವಕಾಶ ಜಾಸ್ತಿ. ಈ ಹುಡುಗಿ ಬೈಯುತ್ತಾರೆ ಅಂತ ಹೆದರಿ ಎರಡು ದಿನ ಯಾರಿಗೂ ಹೇಳಲಿಲ್ಲ. ನಿನ್ನೆ ಗ್ರೂಪಿನಲ್ಲಿ ಬಂದ ಉತ್ತರಗಳನ್ನು ಓದಿದ ಇನ್ನೊಂದು ಮಗು, ನಾಳೆ ಅದಕ್ಕೆ ಹೀಗಾದರೆ, ನಾಲ್ಕು ದಿನ ಹೇಳುವುದಿಲ್ಲ.

ನಮ್ಮ ಮೇಲಿನ ಮನೆ ಮುಂದಿನ ತಿಂಗಳು ಖಾಲಿಯಾಗುತ್ತಿದೆ. ಈ ಸಲ ಪ್ರತಿ ಫೋಟೋದ ಮೇಲೂ ದೊಡ್ಡದಾಗಿ ಒಂದು ಸಾಲು ಬರೆದು ಹಾಕುತ್ತೇನೆ, ಯಾರೂ ಆ ಫೋಟೋ ಕದ್ದು ಬಳಸದ ಹಾಗೆ: "ಬಂದು ಮನೆ ನೋಡುವವರೆಗೆ ದುಡ್ಡು ಕೊಡಬೇಡಿ. ಅದಕ್ಕೂ ಮೊದಲು ಕೇಳಿದವರು ಈ ಮನೆಯ ಮಾಲೀಕರಲ್ಲ." ಬಾಡಿಗೆಗೆ ಮನೆ ಇರುವ ನನ್ನ ಗೆಳೆಯರೆಲ್ಲ ಈ ಸಾಲನ್ನು ಹಾಗೇ ಎತ್ತಿಕೊಂಡು ನಿಮ್ಮ ಜಾಹೀರಾತಿಗೂ ಹಾಕಿಕೊಳ್ಳಿ. ನಿಮ್ಮ ಬ್ರೋಕರ್‌ಗೂ ಇವತ್ತೇ ಹೇಳಿ.