ಆ ಕೆಂಪು ಗೆರೆ ಹೊಗೆಯಲ್ಲ ಮಾರಾಯ್ರೇ

ನಿನ್ನೆ ರಾತ್ರಿ ಟಿವಿಯಲ್ಲಿ ಒಂದು ಚರ್ಚೆ ನೋಡಿದೆ. ನೋಡಬಾರದಿತ್ತು. ನಕ್ಷೆಯ ಮೇಲೆ ಒಂದೇ ಒಂದು ಕೆಂಪು ಗೆರೆ. "ಈ ವಿಷಗಾಳಿ ಪಕ್ಕದವರಿಂದಲೇ ಬಂದಿದ್ದು, ಕಂಪ್ಯೂಟರೇ ಹೇಳ್ತಿದೆ" ಅಂತ ಒಬ್ಬರು ಬೆರಳು ತೋರಿಸಿದರು. ಉಳಿದವರು ತಲೆಯಾಡಿಸಿದರು. ಗಾಳಿಯ ದಾರಿ ಲೆಕ್ಕ ಹಾಕುವುದೇ ನನ್ನ ಕೆಲಸ, ಊಟ ಸೇರಲಿಲ್ಲ.

ಆ ಗೆರೆ ಗಾಳಿ ಬಂದ ದಾರಿ, ಅಷ್ಟೇ. ಈ ಗಾಳಿ ಮೂರು ದಿನದ ಹಿಂದೆ ಎಲ್ಲಿತ್ತು ಅಂತ ಲೆಕ್ಕವನ್ನು ಹಿಂದಕ್ಕೆ ಓಡಿಸಿದರೆ ಸಿಗುವ ಉತ್ತರ. ದಾರಿಯಲ್ಲಿ ಅದು ಏನು ಹೊತ್ತುಕೊಂಡಿತು, ಮಳೆಗೆ ಎಷ್ಟು ತೊಳೆದುಹೋಯಿತು, ನೆಲಕ್ಕೆ ಎಷ್ಟು ಇಳಿಯಿತು, ಗಂಧಕದ ಹೊಗೆ ಎಷ್ಟು ಸಲ್ಫೇಟ್ ಎಂಬ ಸಣ್ಣ ಕಣ ಆಯಿತು? ಗೆರೆಗೆ ಇದ್ಯಾವುದೂ ಗೊತ್ತಿಲ್ಲ. ಅದಕ್ಕೆ ಬೇರೆಯೇ ಮಾಡೆಲ್, ಅಂದರೆ ಇದನ್ನೆಲ್ಲ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಬೇಕು. ಯಾರು ಎಲ್ಲಿ ಎಷ್ಟು ಹೊಗೆ ಬಿಡುತ್ತಾರೆ ಎನ್ನುವ ಪಟ್ಟಿ ಬೇಕು. ಆ ಪಟ್ಟಿಯೋ, ದೇವರಿಗೇ ಪ್ರೀತಿ.

ಸರಿ, ಒಪ್ಪಿಕೊಂಡುಬಿಡುತ್ತೇನೆ. ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ. ಅಮೆರಿಕದ ಹವಾಮಾನ-ಸಾಗರ ಸಂಸ್ಥೆ ನೋವಾದವರ ಹೈಸ್ಪ್ಲಿಟ್ ಎಂಬ ಗಾಳಿದಾರಿ ಲೆಕ್ಕದ ಪ್ರೋಗ್ರಾಂನಲ್ಲಿ 500 ಮೀಟರ್ ಎತ್ತರಕ್ಕೆ ಒಂದು ಗೆರೆ ಎಳೆದು, ಜಂಬದಿಂದ ಎಲ್ಲರಿಗೂ ತೋರಿಸಿದ್ದೆ. ಹಿರಿಯರೊಬ್ಬರು ಬೈಯಲಿಲ್ಲ. "1500 ಕೊಟ್ಟು ನೋಡು" ಅಂದರು. ಮೇಲಿನ ಗಾಳಿಯ ದಿಕ್ಕೇ ಬೇರೆ ಇತ್ತು. ಗೆರೆ ಹೋಗಿ ಸಮುದ್ರದ ಮೇಲೆ ಕೂತಿತು! ಅವತ್ತಿನ ನನ್ನ ಮುಖ... ಬಿಡಿ.

"ಹಾಗಾದ್ರೆ ಮಾಡೆಲ್ ಅಂದ್ರೆ ಸುಮ್ನೆ ಊಹೆ ಅಲ್ವಾ?" ಅಂತ ಬರೆಯಲು ಕೆಲವರು ಆಗಲೇ ನೆಟಿಗೆ ತೆಗೆಯುತ್ತಿರುತ್ತೀರಿ. ಅಲ್ಲ ಸ್ವಾಮಿ. ಚೆರ್ನೋಬಿಲ್ ಅಣುಸ್ಥಾವರದಲ್ಲಿ ಸ್ಫೋಟ ಆಗಿದ್ದು 1986ರ ಏಪ್ರಿಲ್ 26ಕ್ಕೆ. 28ಕ್ಕೆ ಸಾವಿರ ಕಿಲೋಮೀಟರಿಗೂ ಆಚೆ, ಸ್ವೀಡನ್ನಿನ ಫಾರ್ಸ್‌ಮಾರ್ಕ್ ಅಣುಸ್ಥಾವರದ ಕೆಲಸಗಾರನ ಶೂನಲ್ಲಿ, ಗಾಳಿಯಲ್ಲಿ ತೇಲಿ ಬಂದ ವಿಕಿರಣ ಸಿಕ್ಕಿತು. ಆ ಭಯದಿಂದಲೇ 1994ರಲ್ಲಿ ಫ್ರಾನ್ಸಿನ ಪಶ್ಚಿಮದಲ್ಲಿ ಅಪಾಯವಿಲ್ಲದ ಅನಿಲವನ್ನು ಬೇಕೆಂತಲೇ ಬಿಟ್ಟರು. 17 ದೇಶಗಳ 168 ಕಡೆ ಗಾಳಿ ಹಿಡಿದು, ಮಾಡೆಲ್‌ಗಳನ್ನು ಪರೀಕ್ಷೆಗೆ ಕೂರಿಸಿದರು. ಅನಿಲ ಯಾವ ಕಡೆ, ಯಾವಾಗ ಬರುತ್ತದೆ ಅನ್ನುವುದನ್ನು ಹಲವು ಮಾಡೆಲ್‌ಗಳು ಚೆನ್ನಾಗಿಯೇ ಹೇಳಿದವು. ಎಷ್ಟು ಬರುತ್ತದೆ ಅನ್ನುವಲ್ಲಿ ಎಡವಿದವು. ಇಡೀ ಮಾಡೆಲ್ಲೇ ಎಡವುವ ಜಾಗದಲ್ಲಿ ಟಿವಿಯವರು ಒಂದು ಗೆರೆ ಹಿಡಿದುಕೊಂಡು ಶೇಕಡಾ ಲೆಕ್ಕ ಹೇಳುತ್ತಾರೆ!

ಟಿವಿಯವರೇ, ಮುಂದಿನ ಸಲ ಮೂರು ಗೆರೆ ಎಳೆಯಿರಿ. 100, 500, 1500 ಮೀಟರ್. ಜಾಸ್ತಿ ಕೆಲಸ ಏನಿಲ್ಲ, ಮೂರು ನಂಬರ್ ಒತ್ತುವುದು. ಮೂರೂ ಮೂರು ದಿಕ್ಕಿಗೆ ಹೋದರೆ ಆಮೇಲೆ ಯಾರಿಗೆ ಬೈಯುತ್ತೀರೋ ನೋಡೋಣ.