ಪಾಲನೆಯ ಹಕ್ಕು ಬೇರೆ, ಕರೆದೊಯ್ಯುವ ಅನುಮತಿ ಬೇರೆ

‘ಮಲತಾಯಿ ಧೋರಣೆ’ ಎಂಬ ಮಾತು ಕನ್ನಡ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅನುದಾನ ಕೊಡದ ಸರ್ಕಾರಕ್ಕೂ ಅದೇ ಬೈಗುಳ, ರೈಲು ಬಿಡದ ಇಲಾಖೆಗೂ ಅದೇ. ‘ಮಲತಂದೆ ಧೋರಣೆ’ ಎಂದು ಮಾತ್ರ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಬೈಯುವುದಕ್ಕೂ ನಾವು ಲೆಕ್ಕಕ್ಕಿಲ್ಲ. ನಾನು ಕೆನಡಾದ ಒಂಟಾರಿಯೊದಲ್ಲಿರುವ ಒಬ್ಬ ಮಲತಂದೆ. ಹೆಂಡತಿಯನ್ನೂ ಅವಳ ಮೊದಲ ಮದುವೆಯ ಮಗನನ್ನೂ ಇಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿದಾಗ ಹುಡುಗನಿಗೆ ಒಂಬತ್ತು ವರ್ಷ.

ಅರ್ಜಿಯ ಕಟ್ಟಿನಲ್ಲಿ ಐಎಂಎಂ 5604 ಎಂಬ ನಮೂನೆಯಿತ್ತು. ಅಪ್ರಾಪ್ತ ಮಗುವಿನ ಜೊತೆ ಬರದೆ ಹಿಂದೆ ಉಳಿಯುವ ತಂದೆಯೋ ತಾಯಿಯೋ ‘ಮಗು ಕೆನಡಾಕ್ಕೆ ವಲಸೆ ಹೋಗಲು ನನ್ನ ಒಪ್ಪಿಗೆ ಇದೆ’ ಎಂದು ಸಹಿ ಮಾಡಿ, ತನ್ನ ಗುರುತಿನ ಚೀಟಿಯ ಪ್ರತಿಯನ್ನೂ ಇಟ್ಟು ಕೊಡಬೇಕಾದ ಹಾಳೆ ಅದು. ಅದನ್ನು ನೋಡಿ ನನಗೆ ರೇಗಿತು. ‘ಕೋರ್ಟೇ ಮಗುವನ್ನು ತಾಯಿಗೆ ಕೊಟ್ಟ ಮೇಲೆ ಅವನನ್ನು ಕೇಳುವುದೇನಿದೆ?’ ಎಂದೆ. ಹೆಂಡತಿ ಮಾತಾಡದೆ ವಿಚ್ಛೇದನದ ಕಾಗದ ತಂದು ಮುಂದಿಟ್ಟಳು. ಪರಸ್ಪರ ಒಪ್ಪಿಗೆಯ ವಿಚ್ಛೇದನ. ರಾಜಿ ಪತ್ರದಲ್ಲಿ ಎರಡೇ ಸಾಲು: ಮಗುವಿನ ಶಾಶ್ವತ ಪಾಲನೆ ತಾಯಿಗೆ, ತಂದೆಗೆ ತಿಂಗಳಿಗೆ ಎರಡು ಭಾನುವಾರ ಭೇಟಿ. ಮೊದಲ ಸಾಲು ನನಗೆ ಬಾಯಿಪಾಠವಾಗಿತ್ತು. ಎರಡನೆಯದು ಆವರೆಗೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ವರ್ಷಕ್ಕೆ 24 ಭಾನುವಾರ. ಅಷ್ಟನ್ನೂ ಸೂಟ್‌ಕೇಸಿಗೆ ತುಂಬಿಕೊಂಡು ಬರಲು ಹೊರಟಿದ್ದೆ ನಾನು.

ನಮ್ಮವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಪಾಲನೆ ತಾಯಿಯದು ಎಂದ ಮಾತ್ರಕ್ಕೆ ಮಗುವಿನ ದೇಶ ಬದಲಿಸುವ ತೀರ್ಮಾನ ಅವಳೊಬ್ಬಳದೇ ಆಗುವುದಿಲ್ಲ. ಭಾರತದಲ್ಲಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟ್ ನೇಮಿಸಿದ ಪೋಷಕರೂ ಕೋರ್ಟಿನ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯುವಂತಿಲ್ಲ. ಆದರೂ ಪಾಸ್‌ಪೋರ್ಟ್ ಕೈಗೆ ಬಂದರೆ ಎಲ್ಲ ಮುಗಿಯಿತು ಎಂಬ ನಂಬಿಕೆ ಗಟ್ಟಿಯಾಗಿದೆ. ಇನ್ನೊಬ್ಬರ ಒಪ್ಪಿಗೆ ಸಿಗದಿದ್ದರೂ ಪಾಸ್‌ಪೋರ್ಟ್ ಅರ್ಜಿಯ ಅನುಬಂಧ ‘ಸಿ’ ಎಂಬ ಘೋಷಣಾ ಪತ್ರ ತುಂಬಿ ಒಬ್ಬರೇ ಮಗುವಿಗೆ ಪಾಸ್‌ಪೋರ್ಟ್ ಪಡೆಯಬಹುದು. ಗಂಡ ಬಿಟ್ಟುಹೋಗಿ ಒಂಟಿಯಾಗಿ ದುಡಿಯುವ ತಾಯಂದಿರಿಗೆ ಅದು ಬೇಕೇ ಬೇಕಾದ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಸ್‌ಪೋರ್ಟ್ ಪ್ರಯಾಣದ ದಾಖಲೆ ಅಷ್ಟೆ. ಅದು ತಂದೆಯ ಒಪ್ಪಿಗೆಯೂ ಅಲ್ಲ, ಕೋರ್ಟಿನ ಆದೇಶವೂ ಅಲ್ಲ.

ಒಂದೊಂದು ದೇಶಕ್ಕೆ ಒಂದೊಂದು ದಾರಿ. ಅಮೆರಿಕದಲ್ಲಿರುವ ನನ್ನ ಗೆಳೆಯನೂ ಮಲಮಗಳನ್ನು ಕರೆಸಿಕೊಂಡ. ಅಲ್ಲಿನ ಐ-130 ಅರ್ಜಿಯಲ್ಲಿ ಮುಖ್ಯ ಪ್ರಶ್ನೆಯೇ ಬೇರೆ: ನಿಮ್ಮ ಮದುವೆಯಾದಾಗ ಮಗುವಿಗೆ 18 ತುಂಬಿತ್ತೇ? ತುಂಬಿದ್ದರೆ ಕಾನೂನಿನ ಕಣ್ಣಿನಲ್ಲಿ ಅದು ನಿಮ್ಮ ಮಲಮಗುವೇ ಅಲ್ಲ. ಕೇಳಿದ್ದು ಮದುವೆಯ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ, ಹಿಂದಿನ ಮದುವೆ ಮುರಿದದ್ದಕ್ಕೆ ಪುರಾವೆ. ತಂದೆಯ ಒಪ್ಪಿಗೆಯ ವಿಷಯ ಬಂದರೆ ಕಾನ್ಸುಲೇಟಿನ ಸಂದರ್ಶನದಲ್ಲಿ ಬಂದೀತು. ಹಾಗೆಂದು ಅಲ್ಲಿಗೆ ಮುಗಿಯುವುದಿಲ್ಲ. ಮಲತಂದೆ ಅಮೆರಿಕದ ಪ್ರಜೆ ಎಂಬುದರಿಂದಷ್ಟೇ, ದತ್ತು ಪಡೆಯದ ಹೊರತು, ಮಗುವಿಗೆ ಪೌರತ್ವ ಬರುವುದಿಲ್ಲ. ಮುಂದೆ ತಾಯಿ ಪ್ರಜೆಯಾದಾಗ ಅವಳ ಮೂಲಕ ಬರಬೇಕಾದರೆ 18 ತುಂಬದ ಆ ಮಗು ಅವಳ ಕಾನೂನುಬದ್ಧ ಪಾಲನೆಯಲ್ಲಿ, ಅವಳ ಜೊತೆಯಲ್ಲೇ ಇರಬೇಕು. ಬಾಗಿಲಲ್ಲಿ ಕೇಳದ ಪ್ರಶ್ನೆಯನ್ನು ನಡುಮನೆಯಲ್ಲಿ ಕೇಳಿದಂತೆ.

ಆಸ್ಟ್ರೇಲಿಯಾದ ರೀತಿ ನನಗೆ ಮೆಚ್ಚುಗೆಯಾಯಿತು. ಮಗು ಎಲ್ಲಿ ವಾಸಿಸಬೇಕೆಂದು ತೀರ್ಮಾನಿಸುವ ಹಕ್ಕು ಯಾರ ಯಾರಿಗಿದೆಯೋ ಅವರೆಲ್ಲರೂ ಒಪ್ಪಬೇಕು. ಇಲ್ಲವೇ ಮಗುವಿನ ದೇಶದ ಕಾನೂನು ಹೋಗಲು ಬಿಡಬೇಕು. ಅಥವಾ ಆಸ್ಟ್ರೇಲಿಯಾದ್ದೇ ಕೋರ್ಟಿನ ಆದೇಶಕ್ಕೆ ಅದು ಹೊಂದಬೇಕು. ಬ್ರಿಟನ್ನಿನದು ತದ್ವಿರುದ್ಧ. ತಂದೆ ಬೇರೆ ದೇಶದಲ್ಲೇ ಉಳಿದಿದ್ದರೆ, ಮಗುವಿನ ಪೂರ್ಣ ಹೊಣೆ ತನ್ನೊಬ್ಬಳದೇ ಆಗಿತ್ತು ಎಂದು ಅಲ್ಲಿ ನೆಲೆಸಿದ ತಾಯಿ ಸಾಧಿಸಿ ತೋರಿಸಬೇಕು, ಇಲ್ಲದಿದ್ದರೆ ಬಲವಾದ ಬೇರೆ ಕಾರಣ ಕೊಡಬೇಕು. ಬೇರೆಯಾದ ಮೇಲೂ ಶಾಲೆಯ ಸಭೆಗೆ ಬರುವ, ಜ್ವರ ಬಂದರೆ ಆಸ್ಪತ್ರೆಗೆ ಓಡುವ ಒಳ್ಳೆಯ ತಂದೆಯೇ ಅಲ್ಲಿ ವೀಸಾಕ್ಕೆ ತೊಡಕು. ಕೈಬಿಟ್ಟು ಓಡಿಹೋದವನಿದ್ದರೆ ಕೆಲಸ ಸಲೀಸು. ಇದಕ್ಕಿಂತ ವಕ್ರವಾದ ತರ್ಕವನ್ನು ನಾನು ಕಂಡಿಲ್ಲ.

ಇಲ್ಲಿನ ಇನ್ನೊಂದು ನಿಯಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದರಿಂದ ಪೆಟ್ಟು ತಿಂದವರನ್ನು ಬಲ್ಲೆ. ‘ಮಗು ಸದ್ಯ ಅಪ್ಪನ ಹತ್ತಿರವೇ ಇರಲಿ, ಆಮೇಲೆ ಕರೆಸೋಣ’ ಎಂದು ಕೆನಡಾದ ಅರ್ಜಿಯಲ್ಲಿ ಮಗುವಿನ ಹೆಸರನ್ನೇ ಬಿಡುವವರಿದ್ದಾರೆ. ಜೊತೆಯಲ್ಲಿ ಬರದ ಮಗುವನ್ನೂ ನಮೂದಿಸಿ, ವೈದ್ಯಕೀಯ ತಪಾಸಣೆ ಮಾಡಿಸಬೇಕು. ಇಲ್ಲದಿದ್ದರೆ ಮುಂದೆ ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವ ದಾರಿ ಮುಚ್ಚಿಹೋಗಬಹುದು. ಆ ತಪಾಸಣೆಗೆ ಮಗುವನ್ನು ಕರೆದೊಯ್ಯಬೇಕಾದವನು ಮತ್ತೆ ಅದೇ ಮಾಜಿ ಗಂಡ.

ಇನ್ನು ನನ್ನ ಸ್ಥಾನ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ ಆರನೆಯ ಕಲಂ ಸಹಜ ಪೋಷಕ ತಂದೆ, ಅವನ ನಂತರ ತಾಯಿ ಎನ್ನುತ್ತದೆ. ಆ ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ, ಗೀತಾ ಹರಿಹರನ್ ಪ್ರಕರಣದಲ್ಲಿ ತಿಳಿಸಿತು. ಅದೇ ಕಲಮಿನ ಕೊನೆಗೊಂದು ವಿವರಣೆಯಿದೆ: ಇಲ್ಲಿ ತಂದೆ, ತಾಯಿ ಎಂಬ ಪದಗಳಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲ. ಮನೆಯಲ್ಲಿ ಲೆಕ್ಕ ಹೇಳಿಕೊಡುವವನು ನಾನು, ಕಾಗದದಲ್ಲಿ ನಾನಿಲ್ಲ. ಇದರ ಬಗ್ಗೆ ನನಗೆ ದೂರಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಮರುಮದುವೆಯಾದ ತಾಯಿಯೊಬ್ಬಳ ಪ್ರಕರಣದಲ್ಲಿ, ದಾಖಲೆಗಳಲ್ಲಿ ಅವಳ ಗಂಡನನ್ನು ‘ಮಲತಂದೆ’ ಎಂದೇ ತೋರಿಸಬೇಕೆಂಬ ಆದೇಶ ಕ್ರೌರ್ಯಕ್ಕೆ ಸಮ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅಲ್ಲಿ ಹೆತ್ತ ತಂದೆ ತೀರಿಕೊಂಡಿದ್ದ. ನಮ್ಮ ಹುಡುಗನ ತಂದೆ ಬದುಕಿದ್ದಾನೆ, ಮಗನನ್ನು ಪ್ರೀತಿಸುತ್ತಾನೆ. ಅವನ ಜಾಗಕ್ಕೆ ನಾನು ಕೈಚಾಚುವುದು ತರವಲ್ಲ.

ಅವನು ಮೊದಲಿಗೆ ಸಹಿ ಮಾಡಲಿಲ್ಲ. ಹಟ ಎಂದುಕೊಂಡೆವು. ಕೂತು ಮಾತಾಡಿದಾಗ ತಿಳಿದದ್ದು ಭಯ. ಗಡಿ ದಾಟಿದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ನಾಳೆ ನಾವು ಭೇಟಿ ತಪ್ಪಿಸಿದರೆ ಅವನು ಯಾವ ದೇಶದ ಯಾವ ಕೋರ್ಟಿಗೆ ಅಲೆಯಬೇಕು? ಕೊನೆಗೆ ಇಬ್ಬರೂ ಸೇರಿ ಕೋರ್ಟಿಗೆ ಹೋಗಿ ಭೇಟಿಯ ಷರತ್ತು ಬದಲಿಸಿಕೊಂಡರು: ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಅವನ ಜೊತೆ, ಪ್ರತಿ ಭಾನುವಾರ ವಿಡಿಯೊ ಕರೆ, ವಿಮಾನದ ಖರ್ಚು ನಮ್ಮದು. ಅದಾದ ಮೇಲೆ ಐಎಂಎಂ 5604ಕ್ಕೆ ಸಹಿ ಬಿತ್ತು. ಕೆನಡಾದ ನಮೂನೆ ಕೇಳಿದ್ದು ಸಹಿಯೊಂದನ್ನೇ. ಸಹಿಯ ಆಚೆ ತಂದೆಗೆ ಏನು ಉಳಿಯುತ್ತದೆ ಎಂದು ಅದು ಕೇಳಲೇ ಇಲ್ಲ. ನಮ್ಮ ವಕೀಲರು ವಿಚ್ಛೇದನದ ರಾಜಿ ಪತ್ರದಲ್ಲೇ ‘ಮಗು ವಿದೇಶಕ್ಕೆ ಹೋಗುವ ಸಂದರ್ಭ ಬಂದರೆ’ ಎಂದು ನಾಲ್ಕು ಸಾಲು ಬರೆಸಿದ್ದರೆ ನಮಗೆ ಎಂಟು ತಿಂಗಳು ಉಳಿಯುತ್ತಿತ್ತು. ‘ನಿನಗೆ ಹೋಗಲು ಇಷ್ಟವೇನೋ?’ ಎಂದು ಹುಡುಗನನ್ನು ಮೊದಲು ಕೇಳಿದ್ದೂ ಅವನೇ. ನಾನಲ್ಲ, ಅವನ ತಾಯಿಯೂ ಅಲ್ಲ.

ಕರೆ ಬರುವುದು ಭಾರತದ ಭಾನುವಾರ ಬೆಳಿಗ್ಗೆ ಏಳಕ್ಕೆ, ಇಲ್ಲಿ ಶನಿವಾರ ರಾತ್ರಿ ಒಂಬತ್ತೂವರೆಗೆ. ನವೆಂಬರಿನಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಅದೇ ಕರೆ ಎಂಟೂವರೆಗೇ, ನಾವು ಊಟಕ್ಕೆ ಕೂತಿರುವಾಗ ಬರುತ್ತದೆ. ಊಟದ ಮೇಜಿಗೆ ಮೊಬೈಲ್ ತರಬಾರದೆಂಬುದು ನಾನೇ ಮಾಡಿದ ನಿಯಮ. ಮಾರ್ಚಿನವರೆಗೆ ಶನಿವಾರಗಳಂದು ಅದಕ್ಕೆ ರಜೆ.