ಮೇಲ್ ಸೋರಲಿಲ್ಲ, ಸೋರಿಸಿದರು

ಸೋರಿಕೆಯಾದ ಯಾವುದೋ ಮೇಲ್‌ನ ಸ್ಕ್ರೀನ್‌ಶಾಟ್. ಮೂರೇ ಸಾಲು. ಸುತ್ತ ಕೆಂಪು ಗೆರೆ, ತಲೆ ಮೇಲೆ ‘ಬಣ್ಣ ಬಯಲು’ ಅಂತ ದಪ್ಪ ಅಕ್ಷರ. ಇದರ ಹಿಂದಿನ ಮೇಲ್ ಎಲ್ಲಿ, ಉತ್ತರ ಏನು ಬಂತು ಅಂತ ಕಳಿಸಿದವರನ್ನು ಕೇಳಿದೆ. “ಅದೆಲ್ಲ ಬಿಡಿ ಸಾರ್, ಇದನ್ನ ನೋಡಿ” ಅಂದರು. ನೋಡಿದೆ. ಮೈ ಉರಿಯಿತು.

ದಿನವಿಡೀ ಮೇಲ್‌ಗಳ ಮಧ್ಯೆಯೇ ಬಿದ್ದಿರುವವನು ನಾನು, ನಿಮಗೆ ಗೊತ್ತಲ್ಲ. ನನ್ನ ಮೇಲ್‌ಗಳಿಂದ ಬೇಕಾದ ಸಾಲು ಕಿತ್ತುಕೊಟ್ಟರೆ ನನ್ನನ್ನು ಗಲ್ಲಿಗೇರಿಸಬಹುದು. ಆದರೆ ನನ್ನ ಸಿಟ್ಟು ಸಾಲು ಕಿತ್ತಿದ್ದಕ್ಕಿಂತ ಜಾಸ್ತಿ ಇನ್ನೊಂದರ ಮೇಲೆ. ಇದನ್ನು ಯಾರು, ಯಾಕೆ, ಇವತ್ತೇ ಹೊರಬಿಟ್ಟರು ಅಂತ ಒಬ್ಬರೂ ಕೇಳುವುದಿಲ್ಲ.

2009ರ ನವೆಂಬರ್ ನೆನಪಿಸಿಕೊಳ್ಳಿ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳ ಸಾವಿರಕ್ಕೂ ಹೆಚ್ಚು ಮೇಲ್ ಕದ್ದು ಹರಿಬಿಟ್ಟರು. ಜಗತ್ತಿನ ದೇಶಗಳೆಲ್ಲ ಸೇರುವ ಕೋಪನ್‌ಹೇಗನ್ ಹವಾಮಾನ ಶೃಂಗಸಭೆಗೆ ಇನ್ನು ಕೆಲವೇ ವಾರ ಇತ್ತು. ಕಾಕತಾಳೀಯ ಅಂತೀರಾ? ‘ಕುಸಿತವನ್ನು ಮರೆಮಾಚಲು’ ಅನ್ನೋ ಒಂದು ತುಣುಕು ಜಗತ್ತೆಲ್ಲ ಸುತ್ತಿತು. ಆ ಕುಸಿತ ಭೂಮಿಯ ತಾಪಮಾನದ್ದಲ್ಲ. ಹಳೇ ಕಾಲದ ತಾಪಮಾನವನ್ನು ಮರದ ಕಾಂಡದ ಉಂಗುರ ನೋಡಿ ಅಂದಾಜು ಮಾಡುತ್ತಾರೆ. 1960ರಿಂದೀಚೆಗೆ ಕೆಲವು ಮರಗಳ ಉಂಗುರದ ಲೆಕ್ಕ ಥರ್ಮಾಮೀಟರಿಗೆ ತಾಳೆಯಾಗುತ್ತಿರಲಿಲ್ಲ, ಅದರ ಮಾತು. ಆ ಸಮಸ್ಯೆ ಆಗಲೇ ಸಂಶೋಧನಾ ಪ್ರಬಂಧಗಳಲ್ಲಿ ಅಚ್ಚಾಗಿತ್ತು. ಒಂದರ ಮೇಲೊಂದು ತನಿಖೆ ನಡೆಯಿತು. ಮಾಹಿತಿ ಕೊಡಲು ಸತಾಯಿಸಿದರು ಅಂತ ಬೈದವು, ಅಂಕಿಅಂಶ ತಿರುಚಿಲ್ಲ ಅಂತಲೂ ಹೇಳಿದವು. ಅಷ್ಟರಲ್ಲಿ ಸಭೆ ಮುಗಿದುಹೋಗಿತ್ತು.

2016ರ ಅಮೆರಿಕ ಇನ್ನೂ ಚೆಂದ. ಡೆಮಾಕ್ರಟಿಕ್ ಪಕ್ಷದ ಸಮಾವೇಶ ಶುರುವಾಗಿದ್ದು ಜುಲೈ 25ಕ್ಕೆ, ಗುಟ್ಟಿನ ಕಡತಗಳನ್ನು ಹೊರಹಾಕುವ ಜಾಲತಾಣ ವಿಕಿಲೀಕ್ಸ್ ಪಕ್ಷದ ಮೇಲ್‌ಗಳನ್ನು ಹಾಕಿದ್ದು 22ಕ್ಕೆ. ಅಕ್ಟೋಬರ್ 7ರಂದು ಟ್ರಂಪ್ ಹೆಂಗಸರ ಬಗ್ಗೆ ಹೊಲಸು ಮಾತಾಡಿದ ಟೇಪ್ ಬಂತು. ಒಂದು ಗಂಟೆಯೊಳಗೆ ಅವರ ಎದುರಾಳಿ, ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾರ ಮೇಲ್‌ಗಳು ಹೊರಬಿದ್ದವು. ಒಟ್ಟಿಗೆ ಅಲ್ಲ, ಕಂತು ಕಂತಾಗಿ, ಧಾರಾವಾಹಿ ಥರ, ಮತದಾನದವರೆಗೂ. ಕದ್ದದ್ದು ಹೇಗೆ ಅಂತೀರಾ? ಪಾಸ್‌ವರ್ಡ್ ಬದಲಿಸಿ ಅಂತ ಗೂಗಲ್ ಹೆಸರಿನ ಒಂದು ನಕಲಿ ಎಚ್ಚರಿಕೆ, ಅಷ್ಟೇ. ಮುಂದೆ 2018ರಲ್ಲಿ ರಷ್ಯಾದ 12 ಸೇನಾ ಗುಪ್ತಚರರ ಮೇಲೆ ಆರೋಪ ಹೊರಿಸಿದರು. ಅದನ್ನು ಯಾರು ಫಾರ್ವರ್ಡ್ ಮಾಡಿದರು?

ಪೊಡೆಸ್ಟಾರ ಆ ಮೇಲ್ ರಾಶಿಯಲ್ಲಿ ರಿಸೊಟ್ಟೊ ಅನ್ನೋ ಇಟಲಿಯ ಅನ್ನದ ಅಡುಗೆ ಮಾಡುವಾಗ ಸಾರನ್ನು ಒಮ್ಮೆಗೇ ಸುರಿಯಬಾರದು ಯಾಕೆ ಅನ್ನೋ ಸಲಹೆಯೂ ಇತ್ತು. ನಾನು ಆಸೆಯಿಂದ ಓದಿದೆ. ಕಂಡವರ ಕಾಗದ ಓದೋ ಚಪಲ ನನಗೂ ಇದೆ ಸ್ವಾಮಿ, ಸುಮ್ನೆ ಸಾಚಾ ವೇಷ ಯಾಕೆ. ಇನ್ನು ಕೆಲವರು ಪಿಜ್ಜಾ, ಚೀಸ್ ಅಂತ ಕಂಡಲ್ಲೆಲ್ಲ ಮಕ್ಕಳ ಸಾಗಣೆಯ ಗುಪ್ತ ಭಾಷೆ ಓದಿದರು. ಡಿಸೆಂಬರಿನಲ್ಲಿ ಒಬ್ಬ ಬಂದೂಕು ಹಿಡಿದು ವಾಷಿಂಗ್ಟನ್ನಿನ ಪಿಜ್ಜಾ ಅಂಗಡಿಗೆ ನುಗ್ಗಿ ಗುಂಡು ಹಾರಿಸಿದ. ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರೆ ಅಂತ ಪುಕಾರು. ಆ ಅಂಗಡಿಗೆ ನೆಲಮಾಳಿಗೆಯೇ ಇಲ್ಲ.

“ಹಾಗಾದ್ರೆ ಹಗರಣಗಳು ಮುಚ್ಚಿಹೋಗಲಿ ಅಂತೀಯಾ?” ಅಂತ ಯಾರಾದರೂ ಬಂದೇ ಬರುತ್ತೀರಿ. ದಕ್ಷಿಣ ಆಫ್ರಿಕಾದ ಗುಪ್ತಾ ಲೀಕ್ಸ್, ಅಂದರೆ ಅಲ್ಲಿನ ಉದ್ಯಮಿ ಗುಪ್ತಾ ಮನೆತನದ ಸೋರಿಹೋದ ಮೇಲ್‌ಗಳನ್ನು ತೋರಿಸುತ್ತೀರಿ. ಸರಿ, ಬಡ ರೈತರ ಡೈರಿಗೆ ಅಂತ ಕೊಟ್ಟ ಸರ್ಕಾರಿ ದುಡ್ಡು ಗುಪ್ತಾ ಮನೆತನದ ಮದುವೆಗೆ ಹರಿದ ಲೆಕ್ಕ 2017ರಲ್ಲಿ ಹೊರಬಂದದ್ದು ಆ ಮೇಲ್‌ಗಳಿಂದಲೇ. ಆದರೆ ಅಲ್ಲಿನ ಪತ್ರಕರ್ತರು ಕೂತು ಓದಿದರು, ಯಾರಿಂದ ಯಾರಿಗೆ ಎಷ್ಟು ಹೋಯಿತು ಅಂತ ತಾಳೆ ನೋಡಿದರು, ಆಮೇಲೆ ಬರೆದರು. ನೀವು ಮೂರು ಸಾಲಿಗೆ ಕೆಂಪು ಗೆರೆ ಎಳೆದಿರಿ. ಎರಡೂ ಒಂದೇನಾ?

ತಾರೀಖಿನ ಮಹಿಮೆ ನೋಡಬೇಕಾದರೆ ಫ್ರಾನ್ಸಿಗೆ ಹೋಗಿ. 2017ರ ಮೇ 7ರ ಅಧ್ಯಕ್ಷ ಚುನಾವಣೆಯ ಮತದಾನಕ್ಕೆ ಎರಡು ದಿನ ಮೊದಲು ಅಭ್ಯರ್ಥಿ ಮ್ಯಾಕ್ರೋನ್ ತಂಡದ ಸುಮಾರು 9 ಜಿಬಿ ಕಡತ ಹೊರಬಿತ್ತು. ಪ್ರಚಾರ ಮುಗಿಯುವ ಹೊತ್ತು. ಅಲ್ಲಿನ ಮಾಧ್ಯಮಗಳು ಒಳಗಿನ ಸರಕನ್ನು ಮುಟ್ಟಲಿಲ್ಲ. ಮ್ಯಾಕ್ರೋನ್ ಗೆದ್ದರು. ಜುಲೈ ಕೊನೆಗೆ ವಿಕಿಲೀಕ್ಸ್ ಅದೇ ತಂಡದ 20,000ಕ್ಕೂ ಹೆಚ್ಚು ಮೇಲ್‌ಗಳನ್ನು ಯಾರು ಬೇಕಾದರೂ ಹುಡುಕಿ ಓದುವಂತೆ ಹಾಕಿತು. ಚುನಾವಣೆ ಮುಗಿದಿತ್ತು ನೋಡಿ, ಹೇಳಿಕೊಳ್ಳುವಂಥ ಗಲಾಟೆ ಏನೂ ಆಗಲಿಲ್ಲ.